ಬಂಡುಕೋರನ ಹೆಸರಿನ ಹೆದ್ದಾರಿ

ಮ್ಯಾಸಚೂಸೆಟ್ಸ್ ರಾಜ್ಯದ ನಡುವಿನ ಆ ಊರನ್ನು ಬರೆಯುವುದು ಒಂದು ರೀತಿ, ಕರೆಯುವುದು ಇನ್ನೊಂದು ರೀತಿ. ಕಾಗದದ ಮೇಲೆ ಎಷ್ಟೇ ಅಕ್ಷರಗಳಿದ್ದರೂ ಅಲ್ಲಿಯವರ ಬಾಯಲ್ಲಿ ಅದು ಬರೀ ವೂಸ್ಟರ್. ಅದರ ಹೊರವಲಯದಲ್ಲಿ ನನ್ನ ತಂಗಿಯ ಮಗನ ಮನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತನಾದ ಮೇಲೆ ಒಂದು ಚಳಿಗಾಲವನ್ನು ಅವನ ಮನೆಯಲ್ಲಿ ಕಳೆದೆ. ಫೆಬ್ರುವರಿಯಲ್ಲಿ ಅವನಿಗೆ ಮೂರು ದಿನ ರಜೆ ಸಿಕ್ಕಿತು. ನಯಾಗರಕ್ಕೆ ಹೋಗೋಣವೇ, ನ್ಯೂಯಾರ್ಕಿಗೆ ಹೋಗೋಣವೇ ಎಂದು ಕೇಳಿದ. ನಾನು ಸ್ಪ್ರಿಂಗ್‌ಫೀಲ್ಡ್, ಪೆಲ್‌ಹ್ಯಾಮ್, ಪೀಟರ್‌ಶ್ಯಾಮ್, ಶೆಫೀಲ್ಡ್ ಎಂದು ನಾಲ್ಕು ಹೆಸರು ಹೇಳಿದೆ. ಹತ್ತು ವರ್ಷದಿಂದ ಅಲ್ಲೇ ಇರುವ ಅವನು ನಾಲ್ಕರಲ್ಲಿ ಮೂರನ್ನು ಕೇಳಿಯೇ ಇರಲಿಲ್ಲ.

"ಅಲ್ಲಿ ಏನಿದೆ ಮಾವ?"

"ಹೊಲ ಇದೆ. ಕಲ್ಲು ಇದೆ."

ಪುಣ್ಯಾತ್ಮ, ಮರುಮಾತಾಡದೆ ಕಾರು ತೆಗೆದ.

ಹೊರಡುವ ಮೊದಲು ವೂಸ್ಟರ್ ಪೇಟೆಯ ಮುಖ್ಯ ಬೀದಿಯಲ್ಲಿ ಒಂದು ಸುತ್ತು ಹಾಕಿಸಿದೆ. ಶೇಸ್ ದಂಗೆ ಎಂದು ಹೆಸರಾದ ಸಾಲಗಾರ ರೈತರ ಬಂಡಾಯದಲ್ಲಿ, 1786ರ ಸೆಪ್ಟೆಂಬರ್ 5ರಂದು, ಈ ಊರಿನ ನ್ಯಾಯಾಲಯದ ಬಾಗಿಲಿಗೆ ರೈತರು ಬಂದೂಕು ಹಿಡಿದು ಅಡ್ಡ ನಿಂತಿದ್ದರು. ಬಂದೂಕಿನ ಮೊನೆಗಳಿಗೆ ಬಯೋನೆಟ್ ಸಿಕ್ಕಿಸಿದ್ದರು. ಒಳಗೆ ಹೋಗಬೇಕಾಗಿದ್ದ ನ್ಯಾಯಾಧೀಶ ಆರ್ಟೆಮಸ್ ವಾರ್ಡ್. ಬ್ರಿಟಿಷರ ವಿರುದ್ಧದ ಯುದ್ಧದಲ್ಲಿ ಅವನೇ ಈ ಭಾಗದ ಸೇನಾಪತಿಯಾಗಿದ್ದ. ಅಡ್ಡ ನಿಂತವರಲ್ಲಿ ಹಲವರು ಅದೇ ಯುದ್ಧದ ಸಿಪಾಯಿಗಳು. ಮುದುಕ ಹೆದರಲಿಲ್ಲ, ಮೆಟ್ಟಿಲ ಮೇಲೆ ನಿಂತು ಎರಡು ಗಂಟೆ ಭಾಷಣ ಮಾಡಿದ. ಅವರೂ ಕೇಳಿಸಿಕೊಂಡರು, ಆದರೆ ದಾರಿ ಬಿಡಲಿಲ್ಲ. ಕೊನೆಗೆ ನ್ಯಾಯಾಧೀಶರು ಹೆಂಡದಂಗಡಿಯೊಂದಕ್ಕೆ ಹೋಗಿ ಕುಳಿತು ಕಲಾಪ ಮುಂದೂಡಿದರು.

ನ್ಯಾಯಾಲಯವನ್ನು ಮುಚ್ಚಿಸುವುದೇ ಆ ಚಳವಳಿಯ ಬೇಡಿಕೆ, ಅದೇ ಅದರ ಆಯುಧ. ಬಾಗಿಲು ತೆರೆದರೆ ಸಾಲದ ದಾವೆಗೆ ತೀರ್ಪಾಗುತ್ತದೆ. ತೀರ್ಪಾದರೆ ಜಪ್ತಿ, ಜಪ್ತಿಯಾದರೆ ಹರಾಜು, ಹರಾಜಿನ ದುಡ್ಡು ಸಾಲದೆ ಹೋದರೆ ಸಾಲಗಾರನೇ ಜೈಲಿಗೆ. ಬಾಗಿಲು ಮುಚ್ಚಿದ್ದರೆ ಕನಿಷ್ಠ ಈ ಸುಗ್ಗಿ ಮುಗಿಯುವವರೆಗೆ ಎತ್ತು ಕೊಟ್ಟಿಗೆಯಲ್ಲಿರುತ್ತದೆ. ಇದನ್ನು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ನವಲಗುಂದದ ಕಡೆಯವನು. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ಎದ್ದ ರೈತರ ಮೇಲೆ ನವಲಗುಂದ, ನರಗುಂದಗಳಲ್ಲಿ ಗೋಲಿಬಾರ್ ಆದಾಗ ನನಗೆ ಹದಿನಾರು ವರ್ಷ. ಆ ದಿನದ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಈ ಪ್ರವಾಸಕ್ಕೆ ಯಾವ ಕಣ್ಣು ಹೊತ್ತು ಹೋದೆ ಎನ್ನುವುದು ತಿಳಿದಿದ್ದರೆ ಸಾಕು.

ಕಾರು ಪಶ್ಚಿಮಕ್ಕೆ ಓಡುತ್ತಿರುವಾಗ ಅಳಿಯನಿಗೆ ಸಾಲದ ಕಥೆ ಹೇಳಿದೆ. ಹಳೆಯ ಚಟ, ಪಾಠ ಮಾಡುವುದು. 1783ರಲ್ಲಿ ಶಾಂತಿ ಒಪ್ಪಂದವಾಯಿತು, ಅಮೆರಿಕ ಸ್ವತಂತ್ರವಾಯಿತು. ಲಂಡನ್ನಿನ ವರ್ತಕರು ಬಟ್ಟೆಬರೆ, ಪಾತ್ರೆಪಗಡಗಳನ್ನು ಮತ್ತೆ ಉದ್ದರಿಯಾಗಿ ಹಡಗಿಗೆ ತುಂಬಿ ಕಳುಹಿಸಿದರು. ಬಾಸ್ಟನ್ನಿನ ಸಗಟು ವ್ಯಾಪಾರಿ ಅದನ್ನು ಉದ್ದರಿಯಾಗಿಯೇ ಹಳ್ಳಿಯ ಅಂಗಡಿಯವನಿಗೆ ಕೊಟ್ಟ, ಅಂಗಡಿಯವನು ರೈತನಿಗೆ ಕೊಟ್ಟ. ಆದರೆ ಬ್ರಿಟನ್ ತನ್ನ ವೆಸ್ಟ್ ಇಂಡೀಸ್ ಬಂದರುಗಳನ್ನು ಅಮೆರಿಕದ ಹಡಗುಗಳಿಗೆ ಮುಚ್ಚಿಬಿಟ್ಟಿತ್ತು. ಬಾಸ್ಟನ್ನಿನವರು ಬೆಳ್ಳಿನಾಣ್ಯ ಗಳಿಸುತ್ತಿದ್ದದ್ದೇ ಅಲ್ಲಿ. ಲಂಡನ್ ನಾಣ್ಯ ಕೇಳಿತು, ಬಾಸ್ಟನ್ ಅಂಗಡಿಯವನನ್ನು ಕೇಳಿತು, ಅಂಗಡಿಯವನು ರೈತನ ಅಂಗಳಕ್ಕೆ ಬಂದ. ರೈತ ಅದುವರೆಗೆ ಸಾಲ ತೀರಿಸುತ್ತಿದ್ದದ್ದು ಕಾಳಿನಲ್ಲಿ, ಬೆಣ್ಣೆಯಲ್ಲಿ, ಎರಡು ದಿನದ ಕೂಲಿಯಲ್ಲಿ. ನಾಣ್ಯದ ಮುಖವನ್ನೇ ಅವನು ಕಾಣುತ್ತಿದ್ದದ್ದು ಅಪರೂಪ. ಹ್ಯಾಂಪ್‌ಶೈರ್ ಕೌಂಟಿ ಒಂದರಲ್ಲೇ 1784ರ ಆಗಸ್ಟ್‌ನಿಂದ ಎರಡು ವರ್ಷದೊಳಗೆ ಸುಮಾರು 3,000 ಸಾಲದ ದಾವೆಗಳು ಬಿದ್ದವು.

ಇದರ ಮೇಲೆ ಸರ್ಕಾರದ ತೆರಿಗೆ. ಯುದ್ಧದಲ್ಲಿ ದುಡಿದ ಸಿಪಾಯಿಗೆ ಸಂಬಳದ ಬದಲು ಸರ್ಕಾರ ಕಾಗದದ ಪತ್ರ ಕೊಟ್ಟಿತ್ತು. ಊರಿಗೆ ಮರಳಿದ ಸಿಪಾಯಿ ಹೊಟ್ಟೆಪಾಡಿಗೆ ಅದನ್ನು ಸಿಕ್ಕ ಬೆಲೆಗೆ ಮಾರಿದ. ಕೊಂಡವರು ಬಾಸ್ಟನ್ನಿನ ಹಣವಂತರು. ಆಮೇಲೆ ರಾಜ್ಯ ಆ ಪತ್ರಗಳಿಗೆ ಮುಖಬೆಲೆಯ ಲೆಕ್ಕದಲ್ಲಿ ಬಡ್ಡಿ ಕೊಡುತ್ತೇನೆಂದು ಹೊರಟಿತು, ಅದಕ್ಕಾಗಿ ತೆರಿಗೆ ಹಾಕಿತು, ತೆರಿಗೆಯನ್ನು ನಾಣ್ಯದಲ್ಲೇ ಕಟ್ಟಬೇಕೆಂದಿತು. ಅಂದರೆ ತನಗೇ ಬರಬೇಕಾಗಿದ್ದ ಸಂಬಳವನ್ನು ಸಿಪಾಯಿ ಈಗ ತೆರಿಗೆಯ ರೂಪದಲ್ಲಿ ಬೇರೆಯವರಿಗೆ ಕಟ್ಟಬೇಕು.

"ಇದು ನಿಜವಾಗಿ ನಡೆದದ್ದೇ?" ಎಂದ ಅಳಿಯ. ಬ್ಯಾಂಕಿನ ಸಾಫ್ಟ್‌ವೇರ್ ಬರೆಯುವವನು, ಲೆಕ್ಕ ಅವನಿಗೆ ಬೇಗ ಅರ್ಥವಾಗುತ್ತದೆ.

ಸ್ಪ್ರಿಂಗ್‌ಫೀಲ್ಡ್‌ನ ಶಸ್ತ್ರಾಗಾರ ಗುಡ್ಡದ ಮೇಲಿದೆ. 1968ರಲ್ಲಿ ಸೇನೆ ಅದನ್ನು ಮುಚ್ಚಿತು. ಈಗ ಒಂದು ಪಾಲು ವಸ್ತುಸಂಗ್ರಹಾಲಯ, ಇನ್ನೊಂದು ಪಾಲು ಕಾಲೇಜು. ಒಳಗೆ ಬಂದೂಕುಗಳನ್ನು ವಾದ್ಯದ ಕೊಳವೆಗಳ ಹಾಗೆ ನೆಟ್ಟಗೆ ಜೋಡಿಸಿಟ್ಟ ದೊಡ್ಡದೊಂದು ಕಪಾಟಿದೆ. ನೋಡಲು ಸುಂದರವಾಗಿದೆ ಎಂದು ಒಪ್ಪಿಕೊಳ್ಳಲು ಮುಜುಗರವಾಗುತ್ತದೆ. ಆದರೆ ಅವು ನನ್ನ ಕಥೆಗಿಂತ ಮುಕ್ಕಾಲು ಶತಮಾನ ಆಮೇಲಿನವು. ನನಗೆ ಬೇಕಾಗಿದ್ದದ್ದು ಹೊರಗಿನ ಇಳಿಜಾರು, ಬಾಸ್ಟನ್ ಕಡೆಯಿಂದ ಬರುವ ರಸ್ತೆ.

1787ರ ಜನವರಿ 25ರ ಮಧ್ಯಾಹ್ನ ಆ ರಸ್ತೆಯಲ್ಲಿ, ಆಳವಾದ ಹಿಮದಲ್ಲಿ, ಸಾವಿರದ ಮೇಲೆ ಜನ ಸಾಲುಗಟ್ಟಿ ಬಂದರು. ಟೋಪಿಗಳಿಗೆ ಹೆಮ್‌ಲಾಕ್ ಮರದ ಹಸಿರು ಚಿಗುರು ಸಿಕ್ಕಿಸಿಕೊಂಡಿದ್ದರು. ಅದು ಅವರ ಗುರುತು. ತಮ್ಮನ್ನು ಅವರು ಬಂಡುಕೋರರೆಂದು ಕರೆದುಕೊಳ್ಳಲಿಲ್ಲ, ದಾರಿ ತಪ್ಪಿದ ಆಡಳಿತವನ್ನು ಸರಿದಾರಿಗೆ ತರುವವರು ಎಂಬ ಅರ್ಥದಲ್ಲಿ ರೆಗ್ಯುಲೇಟರುಗಳೆಂದು ಕರೆದುಕೊಂಡರು. ಮುಂದೆ ನಡೆಯುತ್ತಿದ್ದವನು ಪೆಲ್‌ಹ್ಯಾಮ್‌ನ ರೈತ ಡೇನಿಯಲ್ ಶೇಸ್. ಬ್ರಿಟಿಷರ ವಿರುದ್ಧ ಬಂಕರ್ ಹಿಲ್‌ನಲ್ಲಿ, ಸಾರಟೋಗದಲ್ಲಿ ಕಾದಾಡಿದವನು, ಕ್ಯಾಪ್ಟನ್ ಆಗಿದ್ದವನು. ಫ್ರೆಂಚ್ ಸೇನಾನಿ ಲಾಫಯೆಟ್ ಉಡುಗೊರೆಯಾಗಿ ಕೊಟ್ಟ ಖಡ್ಗವನ್ನು ದುಡ್ಡಿಗೆ ಮಾರಿಕೊಂಡನೆಂದು ಅವನ ಜೊತೆಯ ಅಧಿಕಾರಿಗಳು ಅವನನ್ನು ಹೀಗಳೆಯುತ್ತಿದ್ದರು. ಆ ಖಡ್ಗ ಉಳಿದಿದ್ದರೂ ಜಪ್ತಿಯ ಪಟ್ಟಿಗೆ ಸೇರುತ್ತಿತ್ತಲ್ಲ ಎಂದು ನನಗನ್ನಿಸಿತು.

ಶಸ್ತ್ರಾಗಾರದಲ್ಲಿ ಸುಮಾರು 7,000 ಬಂದೂಕುಗಳಿದ್ದವು. ಕಾಯುತ್ತಿದ್ದವನು ಪಕ್ಕದ ವೆಸ್ಟ್‌ಫೀಲ್ಡ್‌ನ ವಿಲಿಯಂ ಶೆಪರ್ಡ್. ಅವನೂ ರೈತ, ಅವನೂ ಅದೇ ಯುದ್ಧದಲ್ಲಿ ಕಾದಾಡಿದವನು. ನದಿಯಾಚೆಗಿದ್ದ ಲ್ಯೂಕ್ ಡೇ ಎಂಬ ಇನ್ನೊಬ್ಬ ನಾಯಕ ಅದೇ ದಿನ ಇನ್ನೊಂದು ದಿಕ್ಕಿನಿಂದ ಬರಬೇಕಾಗಿತ್ತು. ಇವತ್ತಾಗುವುದಿಲ್ಲ, ನಾಳೆ ನುಗ್ಗೋಣ ಎಂದು ಚೀಟಿ ಕಳುಹಿಸಿದ್ದ. ಚೀಟಿ ಶೇಸ್‌ಗೆ ಮುಟ್ಟಲಿಲ್ಲ, ಶೆಪರ್ಡ್‌ಗೆ ಮುಟ್ಟಿತು. ಶೆಪರ್ಡ್ ಮೊದಲು ಎರಡು ಗುಂಡುಗಳನ್ನು ತಲೆಯ ಮೇಲಿಂದ ಹಾರಿಸಿದ. ಅವರು ನಿಲ್ಲಲಿಲ್ಲ, ನೆರೆಹೊರೆಯವರು ತಮ್ಮ ಮೇಲೆ ಗುಂಡು ಹಾರಿಸಲಾರರೆಂದು ನಂಬಿದ್ದರು. ಮುಂದಿನ ಫಿರಂಗಿ ಸಾಲಿನ ನಡುವಿಗೇ ಬಿತ್ತು. ನಾಲ್ವರು ಸತ್ತರು. "ಕೊಲೆ, ಕೊಲೆ" ಎಂದು ಕೂಗುತ್ತಾ ಉಳಿದವರು ಓಡಿದರು. ರೈತರ ಕಡೆಯಿಂದ ಒಂದು ಗುಂಡೂ ಹಾರಿರಲಿಲ್ಲ. ಬಯಸಿದ್ದರೆ ಇಪ್ಪತ್ತೈದು ನಿಮಿಷದಲ್ಲಿ ಆ ದಂಡಿನ ಬಹುಪಾಲನ್ನು ಕೊಂದುಬಿಡಬಹುದಿತ್ತು ಎಂದು ಶೆಪರ್ಡ್ ಆಮೇಲೆ ರಾಜ್ಯಪಾಲ ಜೇಮ್ಸ್ ಬೌಡಿನ್‌ಗೆ ಬರೆದ. ಬಯಸಲಿಲ್ಲ. ಅವನನ್ನು ದೂರಲು ಬಂದಿದ್ದ ನನಗೆ ಆ ಇಳಿಜಾರಿನಲ್ಲಿ ಅಷ್ಟು ಸುಲಭವಾಗಿ ದೂರಲಾಗಲಿಲ್ಲ.

ರಾತ್ರಿ ನಾರ್ತಾಂಪ್ಟನ್ನಿನಲ್ಲಿ ತಂಗಿದೆವು. ಆ ಊರಿನ ನ್ಯಾಯಾಲಯವನ್ನು 1786ರ ಆಗಸ್ಟ್ 29ರಂದು ಸುಮಾರು 1,500 ಜನ ಮುಚ್ಚಿಸಿದ್ದರು. ಎಲ್ಲವೂ ಶುರುವಾದದ್ದು ಅಲ್ಲಿಂದಲೇ. ಈಗಿನ ನಾರ್ತಾಂಪ್ಟನ್ ಕಾಫಿ ಅಂಗಡಿ, ಪುಸ್ತಕದಂಗಡಿಗಳ ಊರು. ಊಟ ಚೆನ್ನಾಗಿತ್ತು, ಬಿಲ್ಲು ನೋಡಿ ಎದೆ ನಡುಗಿತು.

ಮರುದಿನ ಬೆಳಿಗ್ಗೆ ನದಿ ದಾಟಿ ಹ್ಯಾಡ್ಲಿಗೆ ಬಂದು, ಅಲ್ಲಿಂದ ಪೀಟರ್‌ಶ್ಯಾಮ್‌ಗೆ ಹೊರಟೆವು. ಇದು ಜನರಲ್ ಬೆಂಜಮಿನ್ ಲಿಂಕನ್‌ನ ದಂಡು ಹಿಡಿದ ದಿಕ್ಕು. ರಾಜ್ಯದ ಬೊಕ್ಕಸದಲ್ಲಿ ದುಡ್ಡಿರಲಿಲ್ಲವಾದ್ದರಿಂದ ಬಾಸ್ಟನ್ನಿನ ವರ್ತಕರು ಚಂದಾ ಎತ್ತಿ ಕಟ್ಟಿದ ಸೇನೆ ಅದು. ತೆರಿಗೆ ಕೊಡಲಾರೆವೆಂದವರನ್ನು ಬಗ್ಗುಬಡಿಯಲು ಅಷ್ಟು ಬೇಗ ಹಣ ಹುಟ್ಟಿತಲ್ಲ ಎಂದೆ. ಅಳಿಯ ನಕ್ಕ.

ನಡುವೆ ಪೆಲ್‌ಹ್ಯಾಮ್. ಅಲ್ಲಿ ರಸ್ತೆ 202ಕ್ಕೆ ಸೇರುವ ಕಡೆ ಫಲಕ ಕಂಡಿತು: ಡೇನಿಯಲ್ ಶೇಸ್ ಹೆದ್ದಾರಿ. ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಂಡೆ. 1787ರ ಫೆಬ್ರುವರಿಯಲ್ಲಿ ಈ ರಾಜ್ಯವೇ ಅವನ ತಲೆಗೆ 150 ಪೌಂಡ್ ಇನಾಮು ಕಟ್ಟಿತ್ತು. ಈಗ ಅದೇ ರಾಜ್ಯ ಅವನ ಹೆಸರಿನ ರಸ್ತೆಯ ಹಿಮ ಬಾಚಿಸುತ್ತದೆ.

ಫಲಕದ ಹತ್ತಿರವೇ ಪೆಲ್‌ಹ್ಯಾಮ್‌ನ ಊರಸಭೆಯ ಕಟ್ಟಡ. 1743ರದ್ದು, ಮರದ್ದು, ಬಿಳಿಯ ಬಣ್ಣ. ಇವತ್ತಿಗೂ ಅದರಲ್ಲಿ ಊರಿನವರು ಸಭೆ ಸೇರುತ್ತಾರೆ. ದೇಶದಲ್ಲಿ ಇಷ್ಟು ಕಾಲ ಎಡೆಬಿಡದೆ ಬಳಕೆಯಲ್ಲಿರುವ ಊರಸಭೆಯ ಮನೆ ಇನ್ನೊಂದಿಲ್ಲವಂತೆ. ಬಾಗಿಲು ಹಾಕಿತ್ತು. ಕಿಟಕಿಗೆ ಮುಖ ಒತ್ತಿ ನೋಡಿದೆ; ಬೆಂಚುಗಳು ಮಾತ್ರ ಕಂಡವು. ಸ್ಕಾಟ್ಲೆಂಡ್ ಮೂಲದ ಐರಿಷ್ ಒಕ್ಕಲುಗಳು ಕಟ್ಟಿದ ಊರಿದು. ಬಂದೂಕು ಹಿಡಿಯುವ ಮೊದಲು ಇಂಥ ಊರುಗಳವರು ವರ್ಷಗಟ್ಟಲೆ ಅರ್ಜಿ ಬರೆದಿದ್ದರು. 1786ರ ಆಗಸ್ಟ್‌ನಲ್ಲಿ ಹ್ಯಾಟ್‌ಫೀಲ್ಡ್‌ನಲ್ಲಿ 50 ಊರುಗಳ ಪ್ರತಿನಿಧಿಗಳು ಸೇರಿ ಅಹವಾಲುಗಳ ಪಟ್ಟಿ ಮಾಡಿದರು: ಕಾಗದದ ಹಣ ಅಚ್ಚು ಹಾಕಿ, ವಕೀಲರ ಕಾಟ ತಪ್ಪಿಸಿ, ಶಾಸನಸಭೆ ಬಾಸ್ಟನ್ನಿನಲ್ಲಿ ಕೂರುವುದು ಬೇಡ. ಹಿಂಸೆ ಬೇಡ ಎಂದೂ ಬರೆದರು. ವಾರ ಕಳೆಯುವುದರೊಳಗೆ ನಾರ್ತಾಂಪ್ಟನ್ನಿನ ಬಾಗಿಲು ಮುಚ್ಚಿತು.

ಶೇಸ್ ತನ್ನ ಜನರಿಗೆ ಕವಾಯತು ಮಾಡಿಸುತ್ತಿದ್ದದ್ದು ಕಾಂಕಿ ಎಂಬವನ ಹೆಂಡದಂಗಡಿಯ ಮುಂದೆ. ಅದು ಪೂರ್ವದ ತಗ್ಗಿನಲ್ಲಿತ್ತು. ತಗ್ಗು ಈಗ ಕ್ವಾಬಿನ್ ಜಲಾಶಯದ ಪಾಲು. 1938ರ ಏಪ್ರಿಲ್ 28ರಂದು ಡಾನಾ, ಎನ್‌ಫೀಲ್ಡ್, ಗ್ರೀನಿಚ್, ಪ್ರೆಸ್ಕಾಟ್ ಎಂಬ ನಾಲ್ಕು ಊರುಗಳನ್ನು ಕಾನೂನಿನ ಪ್ರಕಾರ ಇಲ್ಲವಾಗಿಸಿದರು. ಮನೆ ಕೆಡವಿದರು, ಸಾವಿರಾರು ಗೋರಿಗಳನ್ನು ಅಗೆದು ಬೇರೆಡೆ ಹೂಳಿದರು, ಕಣಿವೆಗೆ ನೀರು ಬಿಟ್ಟರು. ಮುಳುಗಡೆ ಎಂಬ ಮಾತು ನಮ್ಮ ಕಡೆಯವರಿಗೆ ಹೊಸದಲ್ಲ. ರಸ್ತೆ ಬದಿಯ ದಿಬ್ಬದಿಂದ ನೋಡಿದರೆ ಹೆಪ್ಪುಗಟ್ಟಿದ ಬಿಳಿಯ ಬಯಲು, ಅದರಾಚೆ ಕಪ್ಪು ಕಾಡು, ಒಂದು ಹಕ್ಕಿಯ ಸದ್ದೂ ಇಲ್ಲ. ಆ ನೀರು ಹೋಗುವುದು ಬಾಸ್ಟನ್ನಿಗೆ. ಈ ತಗ್ಗಿನಲ್ಲಿ ಯಾರ ವಿರುದ್ಧ ಕವಾಯತು ನಡೆಯಿತೋ ಅವರ ಮರಿಮಕ್ಕಳು ಇಂದು ಅಲ್ಲಿ ನಲ್ಲಿ ತಿರುಗಿಸಿ ಇದೇ ನೀರು ಕುಡಿಯುತ್ತಾರೆ.

ನ್ಯೂ ಸೇಲಂ ದಾಟುವಾಗ ಸಣ್ಣಗೆ ಹಿಮ ಉದುರತೊಡಗಿತು. 1787ರ ಫೆಬ್ರುವರಿ 3ರ ರಾತ್ರಿ ಲಿಂಕನ್‌ನ ಸೈನಿಕರು ಹ್ಯಾಡ್ಲಿ ಬಿಟ್ಟಾಗ ಆಕಾಶ ಶುಭ್ರವಾಗಿತ್ತಂತೆ. ನಡುರಾತ್ರಿಯ ಮೇಲೆ ಇದೇ ದಾರಿಯಲ್ಲಿ ಹಿಮಗಾಳಿ ಎದ್ದಿತು. ನಿಲ್ಲಲು ಆಸರೆಯಿಲ್ಲ, ನಿಂತರೆ ಸಾವು. 30 ಮೈಲಿ ನಡೆದೇ ಹೋದರು. ಬೆಳಿಗ್ಗೆ ಪೀಟರ್‌ಶ್ಯಾಮ್ ಮುಟ್ಟಿದಾಗ ಶೇಸ್‌ನ ಜನ ಊರ ಮನೆಗಳಲ್ಲಿ ತಿಂಡಿ ತಿನ್ನುತ್ತಿದ್ದರು. ಇಂಥ ರಾತ್ರಿಯಲ್ಲಿ ಯಾರೂ ಬರಲಾರರೆಂದು ಕಾವಲನ್ನೂ ಇಟ್ಟಿರಲಿಲ್ಲ. 150 ಮಂದಿ ಸೆರೆಯಾದರು, ಉಳಿದವರು ಉತ್ತರದ ಕಾಡಿಗೆ ಚೆದುರಿದರು. ಶೇಸ್ ತಪ್ಪಿಸಿಕೊಂಡು ವರ್ಮಾಂಟ್ ಸೇರಿದ. ನಮ್ಮ ಕಾರಿನೊಳಗೆ ಇಪ್ಪತ್ತೆರಡು ಡಿಗ್ರಿ ಬಿಸಿ ಇತ್ತು. ಆದರೂ ಅಳಿಯ ಎರಡು ಸಲ ಹಿಂತಿರುಗೋಣವೇ ಎಂದು ಕೇಳಿದ.

ಪೀಟರ್‌ಶ್ಯಾಮ್‌ನಲ್ಲಿ ನಾನು ನೋಡಬೇಕಾಗಿದ್ದದ್ದು ಎರಡು ಬರಹಗಳನ್ನು. ಮೊದಲನೆಯದು 1927ರದ್ದು. ರಾಜ್ಯದ ವಿರುದ್ಧ ದಂಗೆಯೆದ್ದ ಡೇನಿಯಲ್ ಶೇಸ್ ಮತ್ತು ಅವನ 150 ಅನುಯಾಯಿಗಳನ್ನು ಜನರಲ್ ಲಿಂಕನ್ ಆ ಭಾನುವಾರ ಇಲ್ಲಿ ಸೋಲಿಸಿದನೆಂದೂ, ಈ ಗೆಲುವು ಮೂರು ತಿಂಗಳ ಬಳಿಕ ಫಿಲಡೆಲ್ಫಿಯದಲ್ಲಿ ಸಂವಿಧಾನ ಬರೆದವರ ಮೇಲೆ ಪ್ರಭಾವ ಬೀರಿತೆಂದೂ ಹೇಳಿ, ಕಾನೂನಿಗೆ ವಿಧೇಯತೆಯೇ ನಿಜವಾದ ಸ್ವಾತಂತ್ರ್ಯ ಎಂದು ಮುಗಿಸುತ್ತದೆ. ಎರಡನೆಯದು 1987ರದ್ದು, ಘಟನೆಗೆ 200 ವರ್ಷ ತುಂಬಿದಾಗ ಬಂದದ್ದು. ಅದೇ ಭಾನುವಾರ, ಅದೇ 150 ಜನ. ಆದರೆ ಅದರಲ್ಲಿ ಅವನು ಕ್ಯಾಪ್ಟನ್ ಶೇಸ್, ಸಾಮಾನ್ಯ ಜನರ ಪರವಾಗಿ ಹೋರಾಡಿದವನು. ಸೇನೆ ಬಾಸ್ಟನ್ನಿನ ಸಿರಿವಂತ ವರ್ತಕರ ದುಡ್ಡಿನದ್ದು. ಸೆರೆಯಾದ ಹೊತ್ತಿಗೆ ಅವರು ಪೀಟರ್‌ಶ್ಯಾಮ್‌ನ ಆತಿಥ್ಯ ಸವಿಯುತ್ತಿದ್ದರು. ಕೊನೆಯ ಸಾಲು: ನಿಜವಾದ ಸ್ವಾತಂತ್ರ್ಯ ಮತ್ತು ನ್ಯಾಯಕ್ಕೆ ಕಾನೂನನ್ನು ಎದುರಿಸುವುದೂ ಬೇಕಾಗಬಹುದು.

ನಾನು ಮನಸಾರೆ ನಕ್ಕೆ. ಊರು ತಾನೇ ತನಗೆ ಉತ್ತರ ಕೊಟ್ಟುಕೊಂಡಿದೆ, ಹಳೆಯದನ್ನು ಕಿತ್ತೂ ಹಾಕಿಲ್ಲ. ತರಗತಿಯಲ್ಲಿ ಮೂವತ್ತು ವರ್ಷ ಹೇಳಲು ಒದ್ದಾಡಿದ್ದನ್ನು ಎರಡು ಫಲಕಗಳು ಹೇಳಿಬಿಟ್ಟಿದ್ದವು.

ಮೊದಲ ಫಲಕ ಸಂವಿಧಾನದ ಬಗ್ಗೆ ಹೇಳುವುದು ಸುಳ್ಳಲ್ಲ. ರಾಜ್ಯಗಳು ಕಾಗದದ ಹಣ ಅಚ್ಚು ಹಾಕುವಂತಿಲ್ಲ, ಚಿನ್ನಬೆಳ್ಳಿ ಬಿಟ್ಟು ಬೇರೆ ಯಾವುದರಲ್ಲೂ ಸಾಲ ತೀರಿಸಲು ಅವಕಾಶ ಕೊಡುವಂತಿಲ್ಲ, ಕರಾರುಗಳನ್ನು ದುರ್ಬಲಗೊಳಿಸುವಂತಿಲ್ಲ ಎಂದು ಆ ಸಂವಿಧಾನದಲ್ಲಿದೆ. ಹ್ಯಾಟ್‌ಫೀಲ್ಡ್‌ನ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಯಾರಿಗೆ ಬರೆದ ಉತ್ತರವೆಂದು ತಿಳಿಯುತ್ತದೆ. ಅಮೆರಿಕದ ರಾಯಭಾರಿಯಾಗಿ ಪ್ಯಾರಿಸ್ಸಿನಲ್ಲಿ ಕುಳಿತಿದ್ದ ಜೆಫರ್ಸನ್ ಮಾತ್ರ ಆಗೊಮ್ಮೆ ಈಗೊಮ್ಮೆ ಸಣ್ಣ ದಂಗೆ ಒಳ್ಳೆಯದೇ ಎಂದು, ಆ ಸಂವಿಧಾನ ಬರೆದವರಲ್ಲಿ ಒಬ್ಬನಾದ ಮ್ಯಾಡಿಸನ್‌ಗೆ ಬರೆದ. ಅಷ್ಟು ದೂರದಿಂದ ಬರೆಯುವುದು ಸುಲಭ. ಅತ್ತ ಯಾರ್ಕ್‌ಟೌನ್‌ನಲ್ಲಿ ಇವರಿಗೆಲ್ಲ ಸೋತು ಶರಣಾಗಿದ್ದ ಕಾರ್ನ್‌ವಾಲಿಸ್, ಸ್ಪ್ರಿಂಗ್‌ಫೀಲ್ಡ್‌ನ ನ್ಯಾಯಾಲಯ ಮುಚ್ಚಿದ 1786ರ ಸೆಪ್ಟೆಂಬರಿನಲ್ಲೇ ಗವರ್ನರ್ ಜನರಲ್ ಆಗಿ ಕಲ್ಕತ್ತದಲ್ಲಿ ಇಳಿದ. ಅಲ್ಲಿಂದ 1791ರಲ್ಲಿ ಬೆಂಗಳೂರು ಕೋಟೆಗೆ ಬಂದದ್ದು ನಮಗೆ ಗೊತ್ತಿರುವ ಕಥೆ.

ಇಲ್ಲಿಗೇ ಪ್ರವಾಸ ಮುಗಿದಿದ್ದರೆ ನಾನು ಖುಷಿಯಾಗಿ ಮನೆಗೆ ಮರಳುತ್ತಿದ್ದೆ. ಆದರೆ ಮೂರನೆಯ ದಿನ ಉಳಿದಿತ್ತು.

ಬರ್ಕ್‌ಶೈರ್ ಗುಡ್ಡಗಳಾಚೆ ಶೆಫೀಲ್ಡ್. ಎಗ್ರೆಮಾಂಟ್‌ಗೆ ಹೋಗುವ ರಸ್ತೆಯ ಪಕ್ಕ ಹೊಲದಂಚಿನಲ್ಲಿ ಒಂಟಿ ಕಲ್ಲೊಂದಿದೆ. ಜಾರ್ಜಿಯದಿಂದ ಮೇನ್‌ವರೆಗಿನ ಅಪಲೇಚಿಯನ್ ಕಾಲುದಾರಿ ಅದರ ಪಕ್ಕದಲ್ಲೇ ಹಾದುಹೋಗುತ್ತದೆ. ಶೇಸ್ ದಂಗೆಯ ಕೊನೆಯ ಕಾಳಗ ಇಲ್ಲಿ ನಡೆಯಿತು, 1787ರ ಫೆಬ್ರುವರಿ 27. ಅಷ್ಟೇ ಬರೆದಿದೆ, ಯಾರು ಸರಿ ಯಾರು ತಪ್ಪು ಎಂದಿಲ್ಲ. ನ್ಯೂಯಾರ್ಕ್ ಗಡಿಯಿಂದ ಪೆರೆಜ್ ಹ್ಯಾಮ್ಲಿನ್ ಎಂಬವನ ತಂಡ ನುಗ್ಗಿ ಸ್ಟಾಕ್‌ಬ್ರಿಡ್ಜ್‌ನ ಸ್ಥಿತಿವಂತರ ಮನೆಗಳನ್ನು ಸೂರೆ ಮಾಡಿತು, ಕೆಲವರನ್ನು ಒತ್ತೆ ಹಿಡಿಯಿತು, ಗ್ರೇಟ್ ಬ್ಯಾರಿಂಗ್ಟನ್‌ನ ಜೈಲಿನಿಂದ ಸಾಲಗಾರರನ್ನು ಬಿಡಿಸಿತು. ಇಲ್ಲಿ ಜಾನ್ ಆಶ್ಲಿಯ ಊರಪಡೆ ಎದುರಾದಾಗ ಒತ್ತೆಯಾಳುಗಳನ್ನೇ ಮುಂದಿಟ್ಟುಕೊಂಡಿತು. ಸತ್ತವರಲ್ಲಿ ಒತ್ತೆಯಾಳಾಗಿದ್ದ ಒಬ್ಬ ಶಾಲಾ ಮಾಸ್ತರ.

ನಾನೂ ಮಾಸ್ತರ. ಆ ಕಲ್ಲಿನ ಮುಂದೆ ನಾನು ಅಳಿಯನಿಗೆ ಏನೂ ಹೇಳಲಿಲ್ಲ.

ಶೆಫೀಲ್ಡ್ ಊರೊಳಗೆ 2022ರಲ್ಲಿ ನಿಲ್ಲಿಸಿದ ಎಲಿಜಬೆತ್ ಫ್ರೀಮನ್‌ಳ ಕಂಚಿನ ಪ್ರತಿಮೆಯಿದೆ. ಆ ಪಡೆಯ ಆಶ್ಲಿಯ ತಂದೆಯ ಮನೆಯಲ್ಲಿ ಅವಳು ಗುಲಾಮಳಾಗಿದ್ದಳು, ಹೆಸರು ಬೆಟ್. ಮನೆಯೊಡತಿ ಒಮ್ಮೆ ಕಾದ ಸಲಿಕೆ ಎತ್ತಿ ಇನ್ನೊಬ್ಬ ಹುಡುಗಿಗೆ ಹೊಡೆಯಹೋದಾಗ ಬೆಟ್ ತನ್ನ ತೋಳು ಅಡ್ಡ ಕೊಟ್ಟಳು. ಮಾಯದ ಆ ಕಲೆಯನ್ನು ಅವಳು ಮುಚ್ಚಿಕೊಳ್ಳುತ್ತಿರಲಿಲ್ಲ. ಎಲ್ಲರೂ ಸ್ವತಂತ್ರರಾಗಿ, ಸಮಾನರಾಗಿ ಹುಟ್ಟಿದ್ದಾರೆ ಎಂದು ಮ್ಯಾಸಚೂಸೆಟ್ಸ್‌ನ 1780ರ ಸಂವಿಧಾನದಲ್ಲಿ ಬರೆದಿದೆಯಲ್ಲ, ಹಾಗಾದರೆ ನಾನು ಎಂದು ಥಿಯೋಡರ್ ಸೆಡ್ಜ್‌ವಿಕ್ ಎಂಬ ವಕೀಲನ ಬಳಿಗೆ ಹೋದಳು. 1781ರ ಆಗಸ್ಟ್‌ನಲ್ಲಿ ಗ್ರೇಟ್ ಬ್ಯಾರಿಂಗ್ಟನ್‌ನ ನ್ಯಾಯಾಲಯದಲ್ಲಿ ಗೆದ್ದಳು. 30 ಶಿಲಿಂಗ್ ಪರಿಹಾರವೂ ಸಿಕ್ಕಿತು.

ಗ್ರೇಟ್ ಬ್ಯಾರಿಂಗ್ಟನ್‌ನ ಅದೇ ನ್ಯಾಯಾಲಯವನ್ನು 1786ರ ಸೆಪ್ಟೆಂಬರಿನಲ್ಲಿ ರೈತರು ಮುಚ್ಚಿಸಿದರು. ನನ್ನ ರೈತರು, ನಾನು ಎರಡು ದಿನದಿಂದ ಕಾರಿನಲ್ಲಿ ಹೊಗಳುತ್ತಾ ಬಂದವರು. ಅವರಲ್ಲಿ ಕೆಲವರಾದರೂ ಕಪ್ಪು ಜನರಿದ್ದರು. ವರ್ದಿಂಗ್ಟನ್‌ನ ಮೋಸೆಸ್ ಸ್ಯಾಶ್ ಎಂಬ ಮಾಜಿ ಸಿಪಾಯಿಯ ಮೇಲೆ ಆಮೇಲೆ ಮೊಕದ್ದಮೆಯೇ ಆಯಿತು. ಅದನ್ನು ಹಿಡಿದುಕೊಂಡು ಸಮಾಧಾನ ಪಟ್ಟುಕೊಳ್ಳಲು ನೋಡಿದೆ, ಪೂರ್ತಿ ಆಗಲಿಲ್ಲ.

ಹಿಂತಿರುಗುವಾಗ ಸ್ಟಾಕ್‌ಬ್ರಿಡ್ಜ್‌ನಲ್ಲಿ ನಿಂತೆವು. ಹ್ಯಾಮ್ಲಿನ್‌ನ ಜನ ನುಗ್ಗಿದ ರಾತ್ರಿ ಸೆಡ್ಜ್‌ವಿಕ್ ಊರಲ್ಲಿರಲಿಲ್ಲ. ಮನೆ ನೋಡಿಕೊಳ್ಳುತ್ತಿದ್ದವಳು ಕೂಲಿಗೆ ದುಡಿಯುತ್ತಿದ್ದ, ಈಗ ಸ್ವತಂತ್ರಳಾದ ಫ್ರೀಮನ್. ಮನೆಯ ಬೆಳ್ಳಿಯನ್ನೆಲ್ಲ ತನ್ನ ಪೆಟ್ಟಿಗೆಯಲ್ಲಿ ಬಚ್ಚಿಟ್ಟಳು. ದಂಗೆಕೋರರಿಗೆ ತಾನೇ ದೀಪ ಹಿಡಿದು ನೆಲಮಾಳಿಗೆ ತೋರಿಸಿದಳು. ಅವರು ಅವಳ ಪೆಟ್ಟಿಗೆಗೆ ಕೈ ಹಾಕಿದಾಗ, ಇಷ್ಟು ದೊಡ್ಡ ಮನುಷ್ಯರು ಒಬ್ಬ ಕರಿಯ ಕೆಲಸದವಳ ಪೆಟ್ಟಿಗೆ ತಡಕುತ್ತೀರಾ ಎಂದು ಹಂಗಿಸಿದಳು. ನಾಚಿ ಕೈಬಿಟ್ಟರು.

ಊರಿನ ಸ್ಮಶಾನದಲ್ಲಿ ಸೆಡ್ಜ್‌ವಿಕ್ ಮನೆತನದವರ ಗೋರಿಗಳು ವೃತ್ತಾಕಾರವಾಗಿ, ಎಲ್ಲರ ಕಾಲೂ ನಡುವಿನ ಹಿರಿಯನ ಕಡೆಗೆ ಇರುವಂತೆ ಸುತ್ತುಗಟ್ಟಿವೆ. ಅಂತಿಮ ತೀರ್ಪಿನ ದಿನ ಎದ್ದು ಕೂತಾಗ ಮನೆಯವರ ಮುಖ ಬಿಟ್ಟು ಬೇರೆಯವರ ಮುಖ ಕಾಣದಿರಲಿ ಎಂದು ಊರವರ ತಮಾಷೆ. ಆ ವೃತ್ತದೊಳಗೆ ಫ್ರೀಮನ್‌ಳನ್ನೂ ಮಣ್ಣು ಮಾಡಿದ್ದಾರೆ. ಕಲ್ಲಿನ ಮೇಲೆ ಮೊಣಕಾಲುದ್ದ ಹಿಮವಿತ್ತು. ಅಳಿಯ ಕೈಗವಸಿನಿಂದಲೇ ಬಾಚಿ ಅಕ್ಷರ ಬಿಡಿಸಿ ಓದಿದ. 1829ರ ಡಿಸೆಂಬರ್ 28ರಂದು ತೀರಿಕೊಂಡಳು, ವಯಸ್ಸು 85 ಇದ್ದೀತು. ಗುಲಾಮಳಾಗಿ ಹುಟ್ಟಿದಳು, ಸುಮಾರು ಮೂವತ್ತು ವರ್ಷ ಹಾಗೇ ಇದ್ದಳು. ಓದು ಬರಹ ಬಾರದು. ಹೊತ್ತನ್ನಾಗಲಿ ಸೊತ್ತನ್ನಾಗಲಿ ಹಾಳು ಮಾಡಲಿಲ್ಲ, ನಂಬಿಕೆಗೆ ತಪ್ಪಲಿಲ್ಲ. ಒಳ್ಳೆಯ ತಾಯಿ, ಹೋಗಿ ಬಾ.

"ಕೇಸು ಗೆದ್ದದ್ದು?" ಎಂದ ಅಳಿಯ, ಇನ್ನಷ್ಟು ಹಿಮ ಬಾಚುತ್ತಾ.

ಬುಡದವರೆಗೂ ಬಾಚಿ ನೋಡಿದ. ಅದನ್ನು ಬರೆದಿರಲಿಲ್ಲ.